ಪೇಪರ್ ಸುತ್ತಲಾಗದ್ದು

ಬಾಷಾನಗರದ ಮಂಡಕ್ಕಿ ಭಟ್ಟಿ ಮಗ್ಗುಲಿಗೆ
ನನ್ನ ಔಷಧಿ ಅಂಗಡಿ.
ಹನ್ನೊಂದು ವರ್ಷದಿಂದ ಬರುತ್ತಾಳೆ ಖೈರುನ್ನಿಸಾ.
ಗಂಡಸರು ಕರಗುವ ತನಕ ಕಾದು
ಕಣ್ಣಲ್ಲೇ ಕೇಳುತ್ತಾಳೆ,
ಹಳೆ ಪೇಪರಲ್ಲಿ ಸುತ್ತಿ ಕೊಡುತ್ತೇನೆ.
ಅದರ ಹೆಸರು ಇಬ್ಬರೂ ಹೇಳಿಲ್ಲ ಈವರೆಗೆ.

ಇವತ್ತು ಜೊತೆಗೆ ಮಗಳು, ಏಳನೇ ಕ್ಲಾಸು,
ಜಡೆಯಲ್ಲಿ ಹೊಟ್ಟಿನ ಮಸಿ.
"ಆ ಸೂಜಿ, ನಿಮ್ಮ ಫ್ರಿಜ್ಜಿನಾಗೆ ಐತಂತಲ್ಲ,
ನಮ್ಮಕ್ಕಗೆ ಆಗಿದ್ದು ಇವಳಿಗೆ ಆಗಬಾರ್ದು."
"ಏನಾಗಿತ್ತು?"
ಸುಮ್ಮನಾದಳು. ಆಮೇಲೆ,
ಬೀಡಿ ಹಚ್ಚುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿ:
"ಗರ್ಭಕೋಶದ ಕೊರಳಿಗೆ ಕ್ಯಾನ್ಸರು."

ಇನ್ಸುಲಿನ್ ಪಕ್ಕದ ಡಬ್ಬಿ ತೆಗೆದೆ.
ಅಭ್ಯಾಸಬಲ,
ಇನ್ನೊಂದು ಕೈ ಹಳೆ ಪೇಪರಿಗೆ ಹೋಗಿತ್ತು.
ಹುಡುಗಿ ಆಗಲೇ
ಅಂಗಿತೋಳು ಏರಿಸಿ ನಿಂತಿದ್ದಳು.