ಶೇಷ

ಕರೇಲಿಯಾದ ಗೂಡ್ಸ್ ಯಾರ್ಡಿನಲ್ಲಿ ರಾತ್ರಿಪಾಳಿ.
ಹಿಮದಲ್ಲಿ ನಿಂತ ವ್ಯಾಗನ್ನಿನ ಮೈಮೇಲೆ
ಬರ್ಚ್ ಮರಗಳ ಹಾಗೆ ಏಳು ಒಂದುಗಳು:
ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು.
ಅಗ್ಲಾಯಾ ರಿಜಿಸ್ಟರಿನ ಅಂಚಿನಲ್ಲಿ ಭಾಗಿಸತೊಡಗಿದಳು.

ಎರಡು, ಮೂರು, ಐದು, ಏಳು,
ಹನ್ನೊಂದು, ಹದಿಮೂರು—
ಯಾರು ಹಂಚಿಕೊಂಡರೂ ಕೊನೆಗೊಂದು ಉಳಿಯಿತು.
ಹದಿನೇಳಕ್ಕೆ ಎಂಟು.
ಚಹಾ ಆರಿತು. ಮುರ್ಮಾನ್ಸ್ಕ್ ಗಾಡಿ ಹೋಯಿತು.
ಐವತ್ತೊಂದು ಅವಿಭಾಜ್ಯಗಳು
ಬರಿಗೈಲಿ ಮರಳಿದವು.

ಇನ್ನೂರ ಮೂವತ್ತೊಂಬತ್ತು.
ಶೇಷ ಸೊನ್ನೆ.
ಪೆನ್ಸಿಲ್ ಕೆಳಗಿಟ್ಟಳು; ಒಡೆಯದಿದ್ದರೇ ಚೆನ್ನಿತ್ತೇನೋ.

ಭಾಗಲಬ್ಧ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು.
ಇದನ್ನೂ ಒಡೆದು ನೋಡಲೇ? ಬೇಕಿಲ್ಲ—
ಸೋತ ಆ ಐವತ್ತೊಂದೂ ಆಗಲೇ ಸಾಕ್ಷಿ ಹೇಳಿವೆ,
ಇದು ಒಡೆಯುವಂಥದ್ದಲ್ಲ ಎಂದು.

ಬೆಳಗಿನ ಪಾಳಿಯ ಯೆರೆಮೆಯ್ ಬೂಟಿನ ಹಿಮ ಕೊಡವಿ ಕೇಳಿದ:
'ರಾತ್ರಿ ಏನಾದರೂ?'
'ಒಂದು ವ್ಯಾಗನ್,' ಅಂದಳು. 'ಖಾಲಿ.'