ಹೆಬ್ಬೆಟ್ಟು

ನನ್ನ ಬೆರಳನ್ನ ಫೋನು ಗುರುತು ಹಿಡಿಯಲ್ಲ.
ರೇಷನ್ ಅಂಗಡಿ ಮಿಷಿನ್ನೂ ಅಷ್ಟೇ,
ಒರೆಸು, ಇಡು, ಮತ್ತೆ ಒರೆಸು ಅನ್ನುತ್ತೆ.
ಇಪ್ಪತ್ತೆರಡು ವರ್ಷದ ಬಿಸಿನೀರು
ಗೆರೆಗಳನ್ನೆಲ್ಲ ಬಿಚ್ಚಿ ಸುತ್ತಿಕೊಂಡು ಹೋಗಿದೆ,
ಗೂಡಿನಿಂದ ಎಳೆ ಬಿಚ್ಚಿದ ಹಾಗೆ.

ಅದಕ್ಕೇ ಈ ಫೋನಿಗೆ ಒಡತಿ ಮೋನಿಷಾ,
ಐದನೇ ಕ್ಲಾಸು, ಶಿಡ್ಲಘಟ್ಟದ ಸರ್ಕಾರಿ ಶಾಲೆ.
ಕಂತು ಕಟ್ಟೋಳು ನಾನು,
ಬೀಗದ ಕೈ ಅವಳ ಹೆಬ್ಬೆಟ್ಟು.

ಆಂಜಿನಪ್ಪ ಮೇಷ್ಟ್ರು ಸಂಜೆ ಏಳಕ್ಕೆ ವಿಡಿಯೋ ಕಳಿಸ್ತಾರೆ.
ಒಂದಿನ ನೀರು ಮೋಡ ಆಗೋದು,
ಒಂದಿನ ನಿಂಬೆಹಣ್ಣಿಂದ ಬಲ್ಬು ಹತ್ತೋದು.
ನಾಲ್ಕು ಹಣ್ಣಿಗೆ ಮೊಳೆ ಚುಚ್ಚಿದ್ದಾಯ್ತು, ಹತ್ತಲಿಲ್ಲ.
ಪಾತ್ರೆ ತಿಕ್ಕೋಕೆ ಇಟ್ಟುಕೊಂಡೆ.

ಮೊನ್ನೆ ಬಂದದ್ದು ರೇಷ್ಮೆ ಹುಳ.
ನಾನು ಅವರೆಕಾಳು ಹಿತುಕ್ತಾ ಕಿವಿ ಅಲ್ಲಿಟ್ಟಿದ್ದೆ.
ಯಾವುದೋ ಊರಿನ ಹೆಂಗಸಿನ ದನಿ, ಇಸ್ತ್ರಿ ಮಾಡಿದ ಕನ್ನಡ:
ಮೊಟ್ಟೆ, ಮರಿಹುಳು, ಕೋಶ, ಪತಂಗ.
ನಾಲ್ಕು ಚಿತ್ರ, ನಾಲ್ಕು ಬಾಣ,
ಕೊನೇ ಬಾಣ ಮತ್ತೆ ಮೊಟ್ಟೆಗೇ ಬಂದು ಮುಟ್ಟುತ್ತೆ,
ಬಳೆ ಥರ.

ಮೂರನೇ ಚಿತ್ರಕ್ಕೆ ನೆಟ್ಟು ನಿಂತಿತು.
ಗೂಡಿನ ಮೇಲೆ ಒಂದು ಚುಕ್ಕಿ ಗಿರಗಿರ ಸುತ್ತುತ್ತಾ ಇತ್ತು.
"ಅಮ್ಮಾ, ಇದರಲ್ಲಿ ನಿನ್ನ ಕೆಲಸ ಎಲ್ಲಿ ಬರುತ್ತೆ?"

ಕೈ ನಿಲ್ಲಿಸದೆ ಹೇಳಿದೆ:
ಮೂರಕ್ಕೂ ನಾಲ್ಕಕ್ಕೂ ನಡುವೆ.
ಅವಳು ಆ ಬಾಣದ ಮೇಲೆ ಬೆರಳಿಟ್ಟಳು.
ಸುಮ್ಮನಾದಳು.
ಒಲೆ ಮೇಲೆ ಎಸರು ಕುದೀತಿತ್ತು.

ಮಾರನೇ ದಿನ ನವಾಜ್ ಸಾಹೇಬ್ರ ಫಿಲೇಚರಿಗೆ
ಮಾರ್ಕೆಟ್ಟಿಂದ ಹಸಿ ಗೂಡು ಬಂದು ಬಿತ್ತು.
ಹಬೆಗೆ ಹಾಕೋ ಮುಂಚೆ ಒಂದನ್ನ
ಸೆರಗಿಗೆ ಗಂಟು ಹಾಕಿಕೊಂಡೆ.
ಕಿಲೋಗೆ ಆರುನೂರು, ಕಿಲೋಗೆ ಆರುನೂರು ಗೂಡು.
ಒಂದು ರೂಪಾಯಿ ಕಳ್ಳತನ,
ಮೊದಲನೇ ಸಲ.

ಜಾಮೆಟ್ರಿ ಬಾಕ್ಸಲ್ಲಿ ಹತ್ತಿ ಹಾಸಿ ಮಲಗಿಸಿದಳು,
ಮುಚ್ಚಳಕ್ಕೆ ಕೈವಾರದ ಮುಳ್ಳಿಂದ ತೂತು, ಉಸಿರಾಡೋಕೆ.
ಕಾಯೋ ಹೊತ್ತಲ್ಲಿ ಲೆಕ್ಕ ಶುರುವಾಯ್ತು.
"ಒಂದು ಗೂಡಲ್ಲಿ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಎಳೆ ಅಂತೆ.
ನೀನು ದಿನಕ್ಕೆ ಎಷ್ಟು ಗೂಡು ಬಿಚ್ತೀಯ?"
ನಾಲ್ಕು ಸಾವಿರ ಇರಬಹುದು ಅಂದೆ.
ಗುಣಿಸಿ, ಅಳಿಸಿ, ಮತ್ತೆ ಗುಣಿಸಿ,
"ನೂರು ದಿನಕ್ಕೆ ಚಂದ್ರ ಮುಟ್ತೀಯಮ್ಮಾ!"
ಮುಟ್ಟಿರೋದು ಚಿಂತಾಮಣಿವರೆಗೆ,
ಅದೂ ತಂಗಿ ಬಾಣಂತನಕ್ಕೆ.

ಒಂಬತ್ತನೇ ರಾತ್ರಿ
ಪಾತ್ರೆ ತೊಳೆದು ಬರೋ ಹೊತ್ತಿಗೆ ಅವಳಿಗೆ ನಿದ್ದೆ.
ಬಾಕ್ಸಲ್ಲಿ ಏನೋ ಪರಪರ.
ತೆಗೆದರೆ ಗೂಡಿನ ತುದಿ ಒದ್ದೆ, ತೂತು.
ತೂತು ಬಿದ್ದ ಗೂಡಿಗೆ ಮಾರ್ಕೆಟ್ಟಲ್ಲಿ ಬೆಲೆ ಇಲ್ಲ.
ಪಕ್ಕದಲ್ಲಿ ಬೆಳ್ಳಗೆ, ಮುದುರಿದ ರೆಕ್ಕೆ,
ನಡುಗ್ತಾ ಕೂತಿತ್ತು.

ಬೆಂದ ಹುಳ ರಾಶಿ ರಾಶಿ ಕಂಡೋಳು ನಾನು.
ಆ ನಾತ ಸೀರೆಗೆ ಹತ್ತಿ
ಬಸ್ಸಲ್ಲಿ ಪಕ್ಕದವರು ಎದ್ದು ಹೋಗ್ತಾರೆ.
ನಾಲ್ಕನೇ ಚಿತ್ರ ಕಂಡದ್ದು
ಈಗ.

ಎಬ್ಬಿಸೋಣ ಅಂದುಕೊಂಡೆ. ಎಬ್ಬಿಸಲಿಲ್ಲ.
ಮಲಗಿದ್ದೋಳ ಹೆಬ್ಬೆಟ್ಟು ಮೆಲ್ಲಗೆ ಹಿಡಿದು
ಫೋನಿಗೆ ಒತ್ತಿದೆ. ತೆರೀತು.
ದನಿ ಇಳಿಸಿ, ಅವತ್ತು ನಿಂತ ಕಡೆಯಿಂದ ನೋಡಿದೆ.
ಇದು ಹಾರಲ್ಲವಂತೆ.
ಬಾಯಿ ಇದ್ದೂ ಇಲ್ಲವಂತೆ, ಏನೂ ತಿನ್ನಲ್ಲವಂತೆ.
ನಾನು ಆಗಲೇ ಪಕ್ಕದಲ್ಲಿ
ನಾಲ್ಕು ಕಾಳು ಸಕ್ಕರೆ ಇಟ್ಟಿದ್ದೆ.

ಕೊನೇಲಿ ಆ ಇಸ್ತ್ರಿ ದನಿ ಕೇಳಿತು:
ಮಕ್ಕಳೇ, ಪತಂಗಕ್ಕೆ ಎಷ್ಟು ಕಾಲು?

ಉತ್ತರ ಬರೋ ಮುಂಚೆ ಫೋನು ಕವುಚಿಟ್ಟೆ.
ಲೈಟು ಹಾಕಿ ಬೆರಳು ಮುಂದೆ ಚಾಚಿದೆ.
ಸ್ವಲ್ಪ ಹೊತ್ತು ಯೋಚನೆ ಮಾಡಿ ಅದು ಹತ್ತಿತು,
ಗೆರೆ ಇಲ್ಲದ ಕಡೆ
ಒಂದೊಂದಾಗಿ ಕಾಲಿಡ್ತಾ.
ಎಣಿಸಿದೆ.
ಆರು.