ಮುದ್ದೆಮಾಲು ನಂಬರ್ ನಾಲ್ಕು

ಹೊಸ ಪ್ಯಾಂಟಿಗೆ ಹಳೇತನ ಹಚ್ಚೋದು ನನ್ನ ಕೆಲಸ.
ಕೌಲ್ ಬಜಾರಿನ ತಗಡಿನ ಶೆಡ್ಡಿನಾಗೆ
ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಎಳೀತೀನಿ
ಇನ್ನೂ ಯಾರೂ ಕೂತಿಲ್ಲದ ತೊಡೆಯ ಮೇಲೆ
ಕೂತು ಎದ್ದ ಗೆರೆ.
ದಿನಕ್ಕೆ ನೂರಿಪ್ಪತ್ತು. ಎಡತೊಡೆಯ ಮೂರನೇ ಗೆರೆ ಸ್ವಲ್ಪ ವಾರೆ,
ಸೂಪರ್‌ವೈಜರ್ ಬೈದರೂ ಕೈ ತಿದ್ದಲಿಲ್ಲ.

ಆ ರಾತ್ರಿಯನ್ನ ಎಷ್ಟು ಸಲ ಹೇಳೀನಿ?
ಮೊದಲು ಅಕ್ಕ ಖಾಜಾಬಿಗೆ, ನಡುಗುತ್ತ:
ಇಬ್ಬರಿದ್ದರು, ಒಬ್ಬ ಬಿದ್ದ. ಅಷ್ಟೇ.
ಆಮೇಲೆ ಪೇದೆಗೆ. ಅಂಗಿ ಹಳದಿ ಅಲ್ಲೇನಮ್ಮ, ಅಂದ.
ರೈಲ್ವೆ ಗೇಟಿನ ದೀಪದಡಿ ಯಾವ ಬಿಳಿ ಹಳದಿಯಲ್ಲ?
ಹೂಂ ಅಂದೆ.
ಮರುದಿನದಿಂದ ಆ ಹಳದಿ ನನ್ನದೇ ಆಯಿತು.
ನಲ್ಲಿ ಹತ್ತಿರ ಹೇಳುವಾಗ ಅವನ ಕೈಗೆ ರಾಡು ಬಂತು,
ತಮ್ಮನ ಹೆಂಡತಿ ಕೇಳಿದಾಗ
ಅವನು ತಿರುಗಿ ನನ್ನನ್ನೇ ನೋಡಿದ.
ಸುಳ್ಳಲ್ಲ. ಒಂದೂ ಸುಳ್ಳಲ್ಲ.
ಕಲ್ಲು ಹಾಕಿ ತಿರುವಿದ ಬಟ್ಟೆ ಬಣ್ಣ ಬಿಟ್ಟರೆ
ಅದನ್ನ ಸುಳ್ಳು ಅಂತಾರಾ?
ಪ್ರತಿ ಸಲ ತೊಳೆದಾಗಲೂ ಬೇರೆ ನೀಲಿ,
ಪ್ರತಿ ಸಲವೂ ಮೊದಲಿಂದ ಹಿಂಗೇ ಇತ್ತು ಅನ್ನೋ ನೀಲಿ.

ಸ್ಟೇಷನ್ನಿನಾಗೆ ಆರು ಫೋಟೋ ಹರವಿದರು.
ಮೀಸೆ ಇತ್ತು ಅಂತ ನಾನು ಆಗಲೇ ಹೇಳಿದ್ದೆ.
ಐದು ಮಂದಿಗೆ ಮೀಸೆ ಇರಲಿಲ್ಲ.
ಗಾದಿಲಿಂಗ ಅನ್ನೋ ಹೆಸರು ಆಮೇಲೆ ತಿಳಿದದ್ದು.
ಈಗ ಕಣ್ಣು ಮುಚ್ಚಿದರೆ
ಗೇಟಿನ ಕಂಬದ ಹತ್ತಿರ ನಿಂತಾನೆ ಅವನು,
ಹಿಂದೆ ಒಂದು ಪರದೆ ಐತೆ,
ಫೋಟೋ ಸ್ಟುಡಿಯೋದ್ದು.

ಆರು ವರ್ಷ ಕಳೆದು ಕಟಕಟೆ.
ಸಾಕ್ಷಿ ಮೂರು, ಮಾಬುನ್ನಿ, ಗಂಡನ ಹೆಸರು ದಿವಂಗತ ಹುಸೇನಸಾಬ.
ಪಾಟೀ ಸವಾಲಿನ ವಕೀಲರು ಒಳ್ಳೆಯವರು, ನೀರು ತರಿಸಿದರು.
ಎಷ್ಟು ದೂರದಿಂದ ನೋಡಿದಿರಿ?
ನಾಲ್ಕು ಮಂಚದಷ್ಟು.
ಮಂಚ ಅಂದರೆ ಎಷ್ಟಡಿ? ಎಲ್ಲರೂ ನಕ್ಕರು.
ಅವತ್ತು ಮಧ್ಯಾಹ್ನ ಏನು ಉಂಡಿದ್ದಿರಿ?
ಗೊತ್ತಿಲ್ಲ.
ಉಂಡದ್ದು ಗೊತ್ತಿಲ್ಲ, ಮುಖ ಗೊತ್ತು?
ಹೌದು ಸಾಹೇಬ್ರೆ,
ಉಂಡದ್ದನ್ನ ಯಾರೂ ಕರೆದು ಕರೆದು ಕೇಳಲಿಲ್ಲವಲ್ಲ.
ಅದನ್ನ ಬೆರಳಚ್ಚಿನ ಹುಡುಗಿ ಹೊಡೆಯಲಿಲ್ಲ.
ನನ್ನ ಬಾಯಿಯ ‘ಇರಬೇಕು’
ಅವಳ ಬೆರಳು ದಾಟುವಷ್ಟರಲ್ಲಿ ‘ಇದ್ದನು’.

ಆಮೇಲೆ ಅರಗಿನ ಮುದ್ರೆ ಒಡೆದು ಗಂಟು ಬಿಚ್ಚಿದರು.
ಮುದ್ದೆಮಾಲು ನಂಬರ್ ನಾಲ್ಕು: ಆರೋಪಿಯ ಜೀನ್ಸು.
ಕಲೆ ತೋರಿಸಿದರು. ನಾನು ಕಲೆ ನೋಡಲಿಲ್ಲ.
ಎಡತೊಡೆ ನೋಡಿದೆ.
ಮೂರನೇ ಗೆರೆ ವಾರೆ.
ಇದರ ಗುರುತು ಸಿಗುತ್ತದೆಯೇ?
ಸಿಗದೇನು ಸಾಹೇಬ್ರೆ, ಇದು ನಂದು, ನನ್ನ ಕೈಯ್ದು...
‘ಸಾಕ್ಷಿಯು ಸದರಿ ವಸ್ತುವನ್ನು ಗುರುತಿಸಿರುತ್ತಾರೆ.’
ಓದಿ ಹೇಳಿದರು, ಸರಿ ಅಂತ ಒಪ್ಪಿದೆ.
ನೀಲಿ ಹೆಬ್ಬೆಟ್ಟಿಗೆ ಮತ್ತೆ ನೀಲಿ ಮಸಿ.

ಆ ವಾರೆ ಗೆರೆ ಆ ವರ್ಷ ಊರ ತುಂಬ ನಡೆದಾಡಿತ್ತು.
ಸತ್ತ ಕಟ್ಟೆಬಸವನೂ ಅದನ್ನೇ ಉಟ್ಟಿದ್ದನೋ ಏನೋ.
ಹೊರಗೆ ಬೇವಿನ ಮರದಡಿ ಅವನ ತಾಯಿ
ನನ್ನ ಎರಡೂ ಕೈ ಕಣ್ಣಿಗೆ ಒತ್ತಿಕೊಂಡಳು.
ಬಿಡಿಸಿಕೊಳ್ಳಲು ಆಗಲಿಲ್ಲ.

ಯಾರೂ ಕೇಳದ್ದು ಒಂದು ಉಳಿದೈತೆ.
ಗೇಟಿನ ಗಂಟೆ ಹೊಡೀತಿತ್ತು,
ಯಾರೋ ಒಬ್ಬ ‘ಅಣ್ಣಾ’ ಅಂದ.
ಹೊಡೆದವನೋ, ಬಿದ್ದವನೋ.
ಅದೊಂದನ್ನ ಖಾಜಾಬಿಗೂ ಹೇಳಿಲ್ಲ,
ಬಣ್ಣ ಬಿಟ್ಟೀತು ಅಂತ ಒಣಗಿಸದೆ, ತೊಳೆಯದೆ,
ಹಂಗೇ ಮಡಚಿ ಇಟ್ಟಿದ್ದೆ.

ಈಗ ನಿಮಗೆ ಹೇಳಿಬಿಟ್ಟೆ.